ಶರಣಮ್ಮನ ರೊಟ್ಟಿ, ನನ್ನ ಬೋಣಿ

ಅಂಗಡಿಯವರು ಗಿರಾಕಿಯ ಮುಖ ನೋಡಿ ದಿನ ಶುರು ಮಾಡುತ್ತಿದ್ದ ಕಾಲ ಅದು. ಮುಂಬೈಗೆ ತಾಗಿದ ಠಾಣೆ ಊರಿನಲ್ಲಿ, ಫ್ಯಾಕ್ಟರಿಗಳೇ ತುಂಬಿದ ವಾಗ್ಳೆ ಎಸ್ಟೇಟಿನ ಪಕ್ಕದ ಗಲ್ಲಿಯಲ್ಲಿ ನಮ್ಮ ಬಿಲ್ಡಿಂಗು. ಗಾಳಿ ಒಂದು ದಿನ ಬಿಸ್ಕಿಟಿನ ವಾಸನೆ ತರುತ್ತಿತ್ತು, ಇನ್ನೊಂದು ದಿನ ಪೇಂಟಿನದು. ಎರಡೂ ದಿನ ನಾವು ಮಕ್ಕಳು ಲಗೋರಿ ಆಡುತ್ತಿದ್ದೆವು. ಪೇಂಟಿನ ದಿನ ಸ್ವಲ್ಪ ಕಡಿಮೆ ಉಸಿರಾಡುತ್ತಿದ್ದೆವು, ಅಷ್ಟೇ.

ಉಡುಪಿ ಕಡೆಯ ನಮ್ಮಪ್ಪ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದರು. ಜಗತ್ತಿನಲ್ಲಿ ಜಮೆ, ಖರ್ಚು ಬಿಟ್ಟರೆ ಮೂರನೆಯದೊಂದು ಇದೆಯೆಂದು ಅವರು ಒಪ್ಪುತ್ತಿರಲಿಲ್ಲ. ದೇವರಿಗೆ ಮಾತ್ರ ವಿನಾಯಿತಿ ಇತ್ತು.

ಆ ಮೇ ತಿಂಗಳ ರಜೆಯಲ್ಲಿ ಗಲ್ಲಿಯ ಬಾಯಲ್ಲಿ ಶರಣಮ್ಮ ಜೋಳದ ರೊಟ್ಟಿ ಅಂಗಡಿ ಹೂಡಿದಳು. ವಿಜಯಪುರದವಳು, ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊತ್ತು ಬೆನ್ನು ಸೋತಿತ್ತು. ಬಂಡವಾಳವೆಂದರೆ ಒಂದು ಸ್ಟವ್, ಒಂದು ಹಂಚು, ಒಂದು ಡಬ್ಬಿ ಶೇಂಗಾ ಚಟ್ನಿ. ಹತ್ತಿರದ ಮಹಾಪೆಯಲ್ಲಿ ಲಾರಿಗಳಿಗೆ ಲೋಡಿಂಗ್ ಮಾಡುತ್ತಿದ್ದ ಗಂಡ ಭೀಮಣ್ಣನ ಷರತ್ತು ಒಂದೇ: ಒಂದು ತಿಂಗಳು ನೋಡುವುದು, ನಡೆಯದಿದ್ದರೆ ಮತ್ತೆ ಇಟ್ಟಿಗೆ. ಮೊದಲು ನಡೆಯಲಿಲ್ಲ. ಜನ ಎದುರಿನ ವಡಾಪಾವ್ ಕಾಕಾನ ಗಾಡಿಗೇ ಹೋಗುತ್ತಿದ್ದರು. ಶರಣಮ್ಮ ರೊಟ್ಟಿ ಬಡಿಯುವ ಸದ್ದು ಇಡೀ ಗಲ್ಲಿಗೆ ಕೇಳಿಸುತ್ತಿತ್ತು, ತಿನ್ನುವ ಸದ್ದು ಕೇಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಮನೆಯ ಇಡ್ಲಿ ಹಿಟ್ಟು ಕೈಕೊಟ್ಟಿತು. ಅಮ್ಮ ನನ್ನನ್ನು ರೊಟ್ಟಿಗೆ ಓಡಿಸಿದರು. ಆ ದಿನದ ಮೊದಲ ಗಿರಾಕಿ ನಾನು. ಶರಣಮ್ಮ ನನ್ನ ನಾಣ್ಯವನ್ನು ಹಂಚಿಗೆ ತಾಗಿಸಿ ಕಣ್ಣಿಗೊತ್ತಿಕೊಂಡಳು. ಮಧ್ಯಾಹ್ನದೊಳಗೆ ರೊಟ್ಟಿಯೆಲ್ಲ ಖಾಲಿ. ಮರುದಿನ ಬೇರೆ ಯಾರೋ ಬೋಣಿ ಮಾಡಿದರು, ರೊಟ್ಟಿ ಉಳಿಯಿತು. ಅದರ ಮರುದಿನ ನಾನು ಹೋದೆ, ಮತ್ತೆ ಖಾಲಿ. ಶರಣಮ್ಮ ತೀರ್ಪು ಕೊಟ್ಟಳು: “ಈ ಹುಡುಗಿ ಕೈಗುಣ ಭಾಳ ಛಲೋ ಐತಿ.”

ಹೀಗೆ ನನ್ನ ನೇಮಕಾತಿ ಆಯಿತು. ಮುಖ ತೊಳೆದು ಹೋಗುವುದು, ನಗುತ್ತಾ ನಾಣ್ಯ ಕೊಡುವುದು, ಇಷ್ಟೇ ಹುದ್ದೆ. ಸಂಬಳ, ಅಂಗೈಯಗಲದ ಬಿಸಿ ರೊಟ್ಟಿ, ಚಟ್ನಿ, ಮೇಲೆ ಹಸಿ ಎಣ್ಣೆ. ಸುದ್ದಿ ತಿಳಿದ ವಡಾಪಾವ್ ಕಾಕಾ ಬಿಸಿ ಭಜಿ ತೋರಿಸಿ ನನ್ನನ್ನು ತನ್ನ ಗಾಡಿಗೆ ಕರೆಯತೊಡಗಿದ. ಸಂಸ್ಥೆಯ ಹಿತದೃಷ್ಟಿಯಿಂದ ನಾನು ಮೊದಲು ಶರಣಮ್ಮನ ಬೋಣಿ ಮುಗಿಸಿ, ಆಮೇಲೆ ಭಜಿ ತಿನ್ನುತ್ತಿದ್ದೆ. ಅಪ್ಪ ಮಾತ್ರ, ಫ್ಯಾಕ್ಟರಿಗಳಲ್ಲಿ ಹೊಸ ಶಿಫ್ಟ್ ಶುರುವಾಗಿದೆ, ಜನ ಜಾಸ್ತಿಯಾಗಿದ್ದಾರೆ, ಕೈಗುಣವೂ ಇಲ್ಲ ಎಂತದೂ ಇಲ್ಲ ಎನ್ನುತ್ತಿದ್ದರು.

ತಿಂಗಳ ಕೊನೆಯ ಶನಿವಾರ ಭೀಮಣ್ಣ ಕೆಲಸಕ್ಕೆ ರಜೆ ಹಾಕಿ, ಅಂಗಡಿಯ ಹಣೆಬರಹ ನೋಡಲು ತಾನೇ ಬಂದು ಕೂತ. ಅವತ್ತೇ ನನಗೆ ಜ್ವರ. ಶರಣಮ್ಮ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂದಳು. ಅಮ್ಮ ನನ್ನನ್ನು ಹಾಸಿಗೆ ಬಿಟ್ಟು ಏಳಗೊಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಶರಣಮ್ಮ ಕಾನೂನಿನ ಒಂದು ದಾರಿ ಕಂಡುಹಿಡಿದಳು: ನಾಣ್ಯ ನಾನು ಮುಟ್ಟಿ ಕೊಡುವುದು, ರಕ್ತಸಂಬಂಧಿಯೊಬ್ಬರು ತಂದು ಬೋಣಿ ಮಾಡುವುದು. ಬಾಗಿಲ ಬಳಿ ರಕ್ತಸಂಬಂಧಿಯೊಬ್ಬರು ಬೂಟಿನ ಲೇಸು ಕಟ್ಟುತ್ತಿದ್ದರು.

“ನಾನಾ?” ಎಂದರು ಅಪ್ಪ. “ನನಗೆ ಲೇಟಾಗ್ತದೆ ಮಾರಾಯ್ತಿ.”

“ಹೋಗುವ ದಾರಿಯಲ್ಲೇ ಉಂಟಲ್ಲ,” ಎಂದು ಅಮ್ಮ ಒಳಗೆ ಹೋದರು.

ಕಂಬಳಿ ಹೊದ್ದು ಹಾಸಿಗೆಯ ಪಕ್ಕದ ಕಿಟಕಿಯಿಂದ ನೋಡಿದೆ. ಇಸ್ತ್ರಿ ಅಂಗಿ, ಕಂಕುಳಲ್ಲಿ ಬ್ಯಾಗು. ರಸೀದಿಯಿಲ್ಲದ ಖರ್ಚಿಗೆ ಸಹಿ ಹಾಕುವ ಮುಖದಲ್ಲಿ ಅಪ್ಪ ನಾಣ್ಯ ಕೊಟ್ಟರು. ರೊಟ್ಟಿ ಕಾಗದದಲ್ಲಿ ಕಟ್ಟಿಕೊಡು ಅಂದಿರಬೇಕು. ಶರಣಮ್ಮನ ಗಟ್ಟಿ ದನಿ ಮೇಲಿನವರೆಗೂ ಬಂತು: “ಬೋಣಿ ರೊಟ್ಟಿ ಕಟ್ಟಿಸ್ಕೊಂಡು ಒಯ್ಯಬಾರ್ದ್ರಿ ಸಾಹೇಬ್ರ. ಇಲ್ಲೇ ತಿನ್ರಿ.”

ಅಂಥ ನಿಯಮವೊಂದು ನನ್ನ ಸೇವಾವಧಿಯಲ್ಲಿ ಇರಲಿಲ್ಲ.

ಅಪ್ಪ ನಿಂತೇ ಒಂದು ತಿಂದರು. ಇನ್ನೊಂದಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಶಿಫ್ಟಿನ ಜನ ಬಂದರು. ತಮ್ಮ ಓವರ್‌ಟೈಮಿನಲ್ಲಿ ತಪ್ಪು ಹುಡುಕುವ ಅಕೌಂಟ್ಸ್ ಸಾಹೇಬರು ಬೀದಿಯಲ್ಲಿ ಬೆರಳು ನೆಕ್ಕುತ್ತಿರುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬ ನಿಂತ. ಅವನನ್ನು ನೋಡಿ ಇನ್ನೊಬ್ಬ. ಮೂರನೆಯ ರೊಟ್ಟಿಯ ಹೊತ್ತಿಗೆ ಅಪ್ಪನ ಬೆನ್ನ ಹಿಂದೆ ಸಾಲು, ವಡಾಪಾವ್ ಕಾಕಾ ಕತ್ತು ಉದ್ದ ಮಾಡಿ ನೋಡುತ್ತಿದ್ದಾನೆ, ತೀರ್ಪು ಕೊಡಲು ಬಂದಿದ್ದ ಭೀಮಣ್ಣ ಅಂಗಿಯ ತೋಳು ಮಡಚಿ ಹಿಟ್ಟು ನಾದುತ್ತಿದ್ದಾನೆ.

ಸಂಜೆ ಶರಣಮ್ಮ ನನಗೆ ಬರೀ ಚಟ್ನಿ ತಂದಳು. ರೊಟ್ಟಿ ಉಳಿದಿರಲಿಲ್ಲ. ಭೀಮಣ್ಣ ಏನಂದ ಎಂದು ಕೇಳಿದೆ.

“ನಾಳೆ ಹಿಟ್ಟು ಎಷ್ಟು ತರ್ಲಿ ಅಂತ ಕೇಳ್ಯಾನ, ಯವ್ವಾ.”

ಗಿರಾಕಿಯನ್ನು ನೋಡಿ ಗಿರಾಕಿ ಬರುತ್ತಾನೆ, ಇದರಲ್ಲಿ ಪವಾಡವೇನಿಲ್ಲ ಎಂದು ಅಪ್ಪ ಊಟದ ಹೊತ್ತಿಗೆ ವಿವರಿಸಿದರು. ಸೋಮವಾರ ಅದನ್ನೇ ಇನ್ನೊಮ್ಮೆ ಪರೀಕ್ಷಿಸಲು ಬೇಗ ಹೊರಟರು.

ಮುಂದೆ ನಾನೂ ಲೆಕ್ಕಪತ್ರದ ಕಸುಬಿಗೇ ಬಂದೆ. ಕಾಲೇಜಿನಲ್ಲಿ ಗುಡ್‌ವಿಲ್, ಅಂದರೆ ಅಂಗಡಿಯ ಒಳ್ಳೆಯ ಹೆಸರಿಗೆ ಕಟ್ಟುವ ಬೆಲೆಯ ಪಾಠ ಬಂದಾಗ, ಕಣ್ಣಿಗೆ ಕಾಣದ್ದು ಆಸ್ತಿ ಹೇಗಾಗುತ್ತದೆಂದು ಎಲ್ಲರೂ ತಲೆ ಕೆರೆದುಕೊಂಡರು; ನಾನು ಕೆರೆದುಕೊಳ್ಳಲಿಲ್ಲ. ಈಗ ಮಹಾಪೆಯಲ್ಲಿ ಆಫೀಸಿನ ಕೆಳಗೆ ಚಹಾ ಕುಡಿದು ಕ್ಯೂಆರ್ ಕೋಡಿಗೆ ಫೋನ್ ತೋರಿಸುತ್ತೇನೆ, ಪುಟ್ಟ ಸ್ಪೀಕರ್ ಡಬ್ಬಿಯೊಂದು ದುಡ್ಡು ಬಂತೆಂದು ಕೂಗುತ್ತದೆ. ಅಂಗಡಿ ರಾತ್ರಿಯೂ ಮುಚ್ಚುವುದಿಲ್ಲ, ಹಾಗಾಗಿ ಮೊದಲ ಗಿರಾಕಿ ಎಂಬವನೇ ಇಲ್ಲ. ಚಹಾದವನು ಇದುವರೆಗೆ ನನ್ನ ಮುಖ ನೋಡಿಲ್ಲ, ಕೈಯಂತೂ ಇಲ್ಲವೇ ಇಲ್ಲ.

ನಮ್ಮ ಶಾಸ್ತ್ರದ ಪ್ರಕಾರ, ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ಲನ್ನು ಮಾತ್ರ ಆಸ್ತಿಯೆಂದು ಬರೆಯಬಹುದು. ತಾನಾಗಿ ಬೆಳೆದದ್ದಕ್ಕೆ ಜಾಗವಿಲ್ಲ. ಆದ್ದರಿಂದ ಜ್ವರದಲ್ಲಿ ಕಾದಿದ್ದ ನನ್ನ ಅಂಗೈಯನ್ನು ಹುಡುಕಿಕೊಂಡು ಒಬ್ಬಳು ಮೆಟ್ಟಿಲು ಹತ್ತಿ ಬಂದಿದ್ದಳೆಂಬುದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲ. ವರ್ಷಾಂತ್ಯದ ಸಹಿ ಹಾಕುವಾಗೆಲ್ಲ, ಈ ಒಂದು ನಿಯಮಕ್ಕೆ ಮಾತ್ರ ನಾನು ಮನಸ್ಸಿನಲ್ಲೇ ಆಕ್ಷೇಪಣೆ ಸಲ್ಲಿಸುತ್ತೇನೆ.