ಸದ್ದು ಮಾಡದ ಗಾಡಿಯ ಪೂಜೆ

ಮೊದಲ ಸಲ ಬರೆಯುತ್ತಿದ್ದೇನೆ. ಹೇಳುವುದು ಹಿಂದುಮುಂದಾದರೆ ಕ್ಷಮಿಸಿ. ನಾವು ಕೊಂಡದ್ದು ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿ. ಬಿಡಿಭಾಗಗಳು ಹೊರದೇಶದಿಂದ ಬಂದು ನಮ್ಮಲ್ಲೇ ಜೋಡಣೆಯಾದದ್ದು. ಹೈಬ್ರಿಡ್ ಅಂದರೆ ಈ ಜೋಡಣೆಯಲ್ಲ; ಪೆಟ್ರೋಲ್ ಎಂಜಿನ್ನೂ ಇದೆ, ಮನೆಯಲ್ಲೇ ಚಾರ್ಜ್ ಮಾಡುವ ಬ್ಯಾಟರಿಯೂ ಇದೆ ಅಂತ ಅರ್ಥ.

ಶುಕ್ರವಾರ ಲಕ್ಷ್ಮೀಪುರಂನ ದೇವಸ್ಥಾನದ ಮುಂದೆ ಗಾಡಿಪೂಜೆ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಗಾಡಿ ನಿಂಬೆಹಣ್ಣು ತುಳಿದು ಹೊರಡಲೇಬೇಕು ಅಂತ ಅಮ್ಮನ ಹಟ. ಐದೇ ನಿಮಿಷ ಉಳಿದಿತ್ತು.

"ಸ್ಟಾರ್ಟ್ ಮಾಡಿ," ಅಂದರು ಪುರೋಹಿತರು, ತೆಂಗಿನಕಾಯಿ ಎತ್ತಿ ಹಿಡಿದು.

"ಆಗಿದೆ ಸ್ವಾಮಿ."

ಅವರು ಬಾನೆಟ್ಟಿಗೆ ಕಿವಿಯಿಟ್ಟರು. "ಸದ್ದೇ ಇಲ್ವಲ್ರೀ. ಸ್ಟಾರ್ಟ್ ಆಗ್ದೆ ಕಾಯಿ ಒಡೆಯೋ ಹಾಗಿಲ್ಲ."

"ಈಗ ಬ್ಯಾಟರೀಲಿ ಇದೆ."

"ಪೆಟ್ರೋಲ್ ಹಾಕ್ಸಿಲ್ವೇ?"

"ಹಾಕ್ಸಿದೀನಿ."

"ಮತ್ತೆ?"

"ಕೊಳ್ಳೋ ಮುಂಚೆ ಇವನೂ ಹಂಗೇ ಕಿವಿಯಿಟ್ಟು ನೋಡ್ಬೇಕಿತ್ತು ಸ್ವಾಮಿ," ಅಂದಳು ಅಮ್ಮ.

ಕೊನೆಗೆ ಪುರೋಹಿತರೇ ದಾರಿ ಕಂಡುಕೊಂಡರು. "ಹಾರ್ನ್ ಹೊಡೀರಿ. ಜೀವ ಇದೆ ಅಂತಾದ್ರೆ ಸಾಕು."

ಹೊಡೆದೆ. ಕಾಯಿ ಒಡೆದರು. ಹತ್ತೂವರೆಗೆ ಒಂದು ನಿಮಿಷ ಇರುವಾಗ ಚಕ್ರದಡಿಯ ನಿಂಬೆಹಣ್ಣು ಪಚಕ್ ಅಂದವು. ಅಮ್ಮ ಸಮಾಧಾನದಿಂದ ಹತ್ತಿ ಕೂತಳು.

ಹಾಗಾದರೆ ಎಂಜಿನ್ ಸದ್ದು ಮಾಡುವುದು ಯಾವಾಗ ಅಂತ ನೀವು ಕೇಳಬಹುದು. ಬ್ಯಾಟರಿ ಮುಗಿಯುತ್ತಾ ಬಂದಾಗ, ಅಂದರೆ ಪೂರ್ತಿ ಮುಗಿಯುವ ಮುಂಚೆಯೇ, ಅದು ತಾನಾಗಿ... ಇರಿ, ಅಮ್ಮ ಕೆಳಗಿಂದ ಕೂಗುತ್ತಿದ್ದಾಳೆ, ಗಾಡಿ ಆಫ್ ಮಾಡಿದ್ದೀಯೇನೋ ಅಂತ. ಹೋಗಿ ನೋಡದೆ ಹೇಳಲಾರೆ.