ಮಾವನ ಹಳೇ ಠಾಣೆ, ಮಾವನ ಹಳೇ ಕಳ್ಳ

ಹೋದ ವಾರ ಕುಷ್ಟಗಿಯಲ್ಲಿ ನಮ್ಮ ಸೋದರಮಾವ ಒಬ್ಬ ಮುದುಕನನ್ನು ಲಾಕಪ್ಪಿಗೆ ಹಾಕಿ ಬಾಗಿಲೆಳೆದರು. ಮಾವ ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ. ಆ ಠಾಣೆಯೂ ಈಗ ಠಾಣೆಯಲ್ಲ. ಇನ್ನು ಆ ಮುದುಕ? ಒಳಗೆ ಹಾಕಿ ಎಂದು ತಾನೇ ಕೇಳಿಕೊಂಡಿದ್ದ!

ಮೊದಲಿಂದ ಹೇಳುತ್ತೇನೆ.

ಮಾವ ವೀರಭದ್ರಪ್ಪ ನಿಜಾಮರ ಪೊಲೀಸಿನಲ್ಲಿ ಜವಾನರು, ಎಂದರೆ ಪೇದೆ, ಆಗಿದ್ದವರು. ಹರೆಯದಲ್ಲಿ ಡ್ಯೂಟಿ ಮಾಡಿದ್ದು ಕುಷ್ಟಗಿಯಲ್ಲಿ. ಅಲ್ಲಿ ದುರುಗ್ಯಾ ಎಂಬ ಕಳ್ಳನನ್ನು ಗುಡ್ಡ ಹತ್ತಿಸಿ, ಹಳ್ಳ ದಾಟಿಸಿ, ಒಬ್ಬರೇ ಹಿಡಿದ ಕಥೆಯನ್ನು ಕೊಪ್ಪಳದ ನಮ್ಮ ಮನೆಯಲ್ಲಿ ಕೇಳದವರಿಲ್ಲ. (ಕೇಳಿ ನಗದವರೂ ಇಲ್ಲ.) ಈಚೆಗೆ ಮೊಮ್ಮಕ್ಕಳು ಕೂಡ "ಖರೇನ ಅಜ್ಜಾ?" ಎನ್ನತೊಡಗಿದ್ದರು. ಮಾವ ಊಟ ಬಿಟ್ಟು ಎದ್ದರು. "ನಡಿ, ಠಾಣಾ ತೋರಸ್ತೀನಿ" ಎಂದು ನನ್ನನ್ನು ಹೊರಡಿಸಿದರು.

ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲಿನ ಗ್ಯಾಸಿನ ಬಸ್ಸು. ಅದು ಓಡಿದ್ದಕ್ಕಿಂತ ನಾವು ತಳ್ಳಿದ್ದೇ ಹೆಚ್ಚು. ಮಾವ ಮಾತ್ರ ಇಳಿಯಲಿಲ್ಲ. ಖಾಕಿ ಕೋಟು ಹಾಕಿದವರು ಬಸ್ಸು ತಳ್ಳುವುದುಂಟೇ?

ಠಾಣೆ ಸಿಕ್ಕಿತು. ಯಾರೋ ಅದನ್ನು ಕೊಂಡು ಒಳಗೆಲ್ಲ ದನದ ಮೇವಿಗೆ ಜೋಳದ ಕಣಿಕಿ ಒಟ್ಟಿದ್ದರು. ಕಟ್ಟೆಯ ಮೇಲೆ ಬಿಳಿ ಮೀಸೆಯ ಮುದುಕನೊಬ್ಬ ಕೂತಿದ್ದ. ಮಾವನನ್ನು ನೋಡಿದವನೇ ಎದ್ದು ಸಲ್ಯೂಟ್ ಹೊಡೆದ.

"ಜವಾನ್ ಸಾಹೇಬ್ರ, ಗುರ್ತಾತೇನ್ರಿ? ನಾನ್ರಿ, ದುರುಗಪ್ಪ, ನಿಮ್ಮ ದುರುಗ್ಯಾ! ಸಂತಿಗೆ ಬಂದಾಗೆಲ್ಲ ಇಲ್ಲೇ ಕುಂದರ್ತೀನ್ರಿ. ಹಳೇ ಜಾಗಾ ಅಲ್ಲೇನ್ರಿ?"

ಮಾವನ ಮುಖ ಕಪ್ಪಿಟ್ಟಿತು. ಸಿಕ್ಕಿಬಿದ್ದವನು ಸಂತೋಷವಾಗಿದ್ದಾನೆ, ಹಿಡಿದವರು ಬೆವರುತ್ತಿದ್ದಾರೆ. ಇದೇನಿದು? ಕೇಳಿಯೇಬಿಟ್ಟೆ. "ನಮ್ಮ ಮಾಮಾ ನಿಮ್ಮನ್ನ ಹೆಂಗ ಹಿಡದ್ರು?"

ದುರುಗಪ್ಪ ನನ್ನನ್ನು ನೋಡಿದ, ಮಾವನನ್ನು ನೋಡಿದ. "ಏನ್ ಹೇಳ್ಲಿ ಯಪ್ಪಾ! ಗುಡ್ಡಾ ಹತ್ತಿದೆ, ಬಿಡ್ಲಿಲ್ಲ. ಹಳ್ಳಾ ಜಿಗದೆ, ಬಿಡ್ಲಿಲ್ಲ. ಹುಲಿ ಬಂದಂಗ ಬಂದ್ರು!"

ಮಾವನ ಎದೆ ಉಬ್ಬಿತು. ಇಬ್ಬರೂ ಕಣಿಕಿ ಸರಿಸಿ, ಆಗ ಯಾರು ಎಲ್ಲಿ ಕೂಡುತ್ತಿದ್ದರೆಂದು ತೋರಿಸತೊಡಗಿದರು. "ನಾ ಒಳಗರಿ. ಹಾಕ್ರಿ ಬಾಗ್ಲಾ!" ಎಂದ ದುರುಗಪ್ಪ. ಮಾವ ಎಳೆದರು. ತುಕ್ಕು ಹಿಡಿದ ಸರಳಿನ ಬಾಗಿಲು ಕಚ್ಚಿಕೊಂಡೇಬಿಟ್ಟಿತು.

ನಾನು ಒದ್ದೆ, ಜಗ್ಗಿದೆ. ಜಪ್ಪಯ್ಯ ಅನ್ನಲಿಲ್ಲ. "ಅವಸರಿಲ್ರಿ, ಒಳಗ ತಂಪೈತಿ" ಎಂದ ಕೈದಿ. ಗದ್ದಲ ಕೇಳಿ ಕಣಿಕಿಯ ಒಡತಿ ಕುಡಗೋಲು ಹಿಡಿದು ಓಡಿಬಂದಳು.

"ನಿಮ್ಮಾಗ ಕಳ್ಳ ಯಾಂವ?"

"ನಾನಬೇ!" ಎಂದ ದುರುಗಪ್ಪ ಒಳಗಿನಿಂದ, ಬಲು ಹೆಮ್ಮೆಯಿಂದ.

ಅವಳು ಮನಸಾರೆ ಬೈದಳು. ಆಮೇಲೆ ಹಾರೆ ತಂದುಕೊಟ್ಟಳು. ಮೀಟಿ ತೆಗೆದೆವು.

ಮಾವ ನೀರು ಕುಡಿಯಲು ಹೋದಾಗ ದುರುಗಪ್ಪನನ್ನು ಬದಿಗೆ ಕರೆದೆ. "ಖರೇ ಹೇಳ್ರಿ."

ಆತ ಮೀಸೆಯಲ್ಲೇ ನಕ್ಕ. "ದೇಸಾಯರ ವಾಡೇದಾಗ ತಾಮ್ರದ ಹಂಡೇ ಕದ್ದಿದ್ದೆ. ನಾಯಿ ಬೆನ್ನ ಹತ್ತಿದ್ವು. ಜೀವಾ ಉಳದ್ರ ಸಾಕಂತ ಠಾಣಾದ ಬಾಗ್ಲಾ ಬಡದೆ. ಒಳಗಿಂದ ನಿಮ್ಮ ಮಾಮಾ, 'ಠಾಣಾದ ದೊಡ್ಡ ಅಮೀನ್ ಸಾಹೇಬ್ರು ಊರಾಗಿಲ್ಲ, ನಾಳಿ ಬಾ' ಅಂದ್ರು."

"ಮತ್ತ?"

"ಮತ್ತೇನ್ರಿ? ಅಲ್ಲೇ ಬಾಗ್ಲಾ ಮುಂದ ಹಂಡೇ ಬೋರಲ ಹಾಕ್ಕೊಂಡು ಅದರ ಕೆಳಗ ಕುಂತೆ. ಮುಂಜಾನಿ ನಿಮ್ಮ ಮಾಮಾ ಹಂಡೇ ಎತ್ತಿ ನನ್ನ ಹಿಡದ್ರು."

"ಹಂಗಾದ್ರ ಗುಡ್ಡಾ, ಹಳ್ಳಾ ಎಲ್ಲಾ ಸುಳ್ಳ?"

"ನಮ್ಮೂರಾಗ ನಂದೂ ಒಂದು ಹೆಸರೈತ್ರಿ. ತಾನ ಹೋಗಿ ಸಿಕ್ಕಾನ ಅಂದ್ರ ಮೊಮ್ಮಕ್ಕಳು ನಗಂಗಿಲ್ಲೇನ್ರಿ?"

ವಾಪಸು ಬರುವಾಗ ಮಾವ ಖಾಕಿ ಕೋಟಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು. ಕೊನೆಗೆ ಮೆಲ್ಲಗೆ ಕೇಳಿದರು. "ಅಂವ ನಿನಗೇನರ ಹೇಳಿದ್ನೇನು?"

"ಹುಲಿ ಬಂದಂಗ ಬಂದ್ರು ಅಂದ."

ಮಾವ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. (ಇದು ಅಚ್ಚಾಗುವ ಪೇಪರನ್ನು ಅವರು ಓದುವುದಿಲ್ಲ. ನೀವೂ ಓದಿ ಹೇಳಬೇಡಿ.)

ಬರುವ ಸೋಮವಾರ ದುರುಗಪ್ಪ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಹೋಳಿಗೆ ಮಾಡಬೇಕೆಂದು ಮಾವನ ಅಪ್ಪಣೆಯಾಗಿದೆ. ಮೊಮ್ಮಕ್ಕಳೆಲ್ಲ ಕಾದು ಕೂತಿದ್ದಾರೆ. ಹೌದಲ್ಲ ಮತ್ತೆ, ಪೊಲೀಸರ ಶೌರ್ಯಕ್ಕೆ ಕಳ್ಳನಿಗಿಂತ ದೊಡ್ಡ ಸಾಕ್ಷಿ ಯಾರು?