ಅವ್ವನ ಸೀರೆಯ ಕೌದಿ

ಆ ವರ್ಷ ನಮ್ಮ ಪಡಸಾಲೆಯಲ್ಲಿ ಒಮ್ಮೆಗೇ ನಾಲ್ಕು ಕೌದಿ ಬಿದ್ದಿದ್ದವು. ಮೂರನ್ನು ಮಂದಿ ನನ್ನ ಕೊರಳಿಗೆ ಕಟ್ಟಿದ್ದರು, ನಾಲ್ಕನೆಯದು ಮಾತ್ರ ನಾನಾಗಿಯೇ ಹಚ್ಚಿಕೊಂಡದ್ದು.

ಗುಡಗೇರಿ ಹತ್ತಿರದ ಹಳ್ಳಿ ನಮ್ಮದು. ಎಂಬತ್ತರ ದಶಕದ ನಡುವಿನ ಮಾತು. ಅಪ್ಪ ಮೊದಲೇ ಹೋಗಿದ್ದ, ಅವ್ವನೂ ತೀರಿಕೊಂಡಿದ್ದಳು. ಮನೆಯಲ್ಲಿ ಅಣ್ಣ, ಅವನ ಹೆಂಡತಿ, ಅಂದರೆ ನಮ್ಮ ವೈನಿ, ಮತ್ತು ಮದುವೆಯಾಗದ ನಾನು. ಮದುವೆಯಾಗದ ಹೆಣ್ಣಿನ ಕೈ ಖಾಲಿ ಇರಬಾರದೆಂದು ಅದಾವ ಪುಣ್ಯಾತ್ಮ ಗೊತ್ತುಮಾಡಿದನೋ, ಮನೆಯ ಹರಕು ಅರಿವೆಯೆಲ್ಲ ನನ್ನ ಮುಂದೆಯೇ ಬಂದು ಬೀಳುತ್ತಿತ್ತು. ಬೀಗರು ಬಂದರೆ ಹೊದಿಯಲು ಒಂದು ದೊಡ್ಡ ಕೌದಿ ಬೇಕೆಂದು ಅಣ್ಣ ತನ್ನ ಹಳೆಯ ಧೋತರ ನನ್ನ ಮುಂದೆ ಎಸೆದಿದ್ದ. ಬಸುರಿ ವೈನಿಗೆ ಹುಟ್ಟಲಿರುವ ಕೂಸಿನ ಸಣ್ಣ ಕೌದಿ ಬೇಕಾಗಿತ್ತು. ಬಾಜೂ ಮನೆಯ ಚಾಚಿಯ ಗಂಡ ದರ್ಜಿ. ಅಂಗಡಿಯಲ್ಲಿ ಉಳಿದ ಚಿಂದಿಯನ್ನೆಲ್ಲ ಚಾಚಿ ನನಗೆ ಕೊಡುತ್ತಿದ್ದಳು, ಬದಲಿಗೆ ಅವಳಿಗೂ ಒಂದು ಹೊಲಿದುಕೊಡಬೇಕಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ಕೊಟ್ಟು ತೆಗೆದುಕೊಳ್ಳುವುದು ಗೊತ್ತಿದ್ದವಳು ಆ ಓಣಿಯಲ್ಲಿ ಅವಳೊಬ್ಬಳೇ.

ನಾಲ್ಕನೆಯದು ಅವ್ವನ ಇಳಕಲ್ ಸೀರೆಗಳದ್ದು. ಒಗೆದು ಒಗೆದು ಕೂಸಿನ ಕೆನ್ನೆಯಷ್ಟು ಮೆತ್ತಗಾಗಿದ್ದ ಸೀರೆಗಳು. ಗಂಡನ ಮನೆಗೆ ಹೋಗುವ ಹುಡುಗಿ ತಾಯಿಯ ಸೀರೆಯ ಕೌದಿ ಒಯ್ಯುವುದು ನಮ್ಮ ಕಡೆಯ ರೀತಿ. ತಾಯಿ ಇದ್ದರೆ ತಾಯಿಯೇ ಹೊಲಿದು ಕೊಡುತ್ತಾಳೆ. ನನಗೆ ನಾನೇ ಹೊಲಿದುಕೊಳ್ಳಬೇಕಿತ್ತು, ಅದೂ ಕದ್ದು. ವೈನಿ ಎದುರಿಗೆ ಕೂತರೆ ಕೂಸಿನ ಕೌದಿ ತೊಡೆಯ ಮೇಲೆ ಬರುತ್ತಿತ್ತು, ಅಣ್ಣನ ಚಪ್ಪಲಿ ಸಪ್ಪಳವಾದರೆ ಬೀಗರ ಕೌದಿ. ಯಾರೂ ಇಲ್ಲದಾಗ ಅವ್ವನ ಸೀರೆ. ಯಾವ ಸೂಜಿ ಯಾವ ಕೌದಿಯಲ್ಲಿ ಉಳಿಯಿತೆಂದು ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಅನ್ನುತ್ತಾರೆ ಹಿರಿಯರು. ಹೇಳುವವರಿಗೇನು, ಅವರ ಪಡಸಾಲೆಯಲ್ಲಿ ನಾಲ್ಕು ಕೌದಿ ಬಿದ್ದಿರಲಿಲ್ಲ.

ಅಂತೂ ನನ್ನದೇ ಮೊದಲು ಮುಗಿಯಿತು, ಒಂದು ಮೂಲೆಯ ಹೊರತು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ಆ ಮೂಲೆಯಲ್ಲಿ ಒಂದು ತುತ್ತು ಇಟ್ಟು ಬಾಯಿ ಹೊಲಿಯುತ್ತೇವೆ. ತುತ್ತು ಇಡುವವರೆಗೆ ಅದನ್ನು ಯಾರೂ ಹೊದಿಯುವಂತಿಲ್ಲ. ಯಾರ ಕೈ ತುತ್ತು ಇಡುತ್ತದೋ, ಕೌದಿ ಯಾರಿಗೆ ಹೋಗಬೇಕೆಂದು ಹೇಳುವವರು ಅವರೇ. ರೊಟ್ಟಿಯ ಚೂರು ಸಾಕು, ಎಲ್ಲರೂ ಅದನ್ನೇ ಇಡುತ್ತಾರೆ. ನನಗೆ ಹೋಳಿಗೆಯೇ ಬೇಕಿತ್ತು. ಅವ್ವ ಜೀವಮಾನವೆಲ್ಲ ಮಂದಿಗೆ ಹೋಳಿಗೆ ಬಡಿಸಿ ತಾನು ರೊಟ್ಟಿ ತಿಂದವಳು. ಅವಳ ಸೀರೆಗಾದರೂ ಹೋಳಿಗೆ ಇಡೋಣ ಅನ್ನಿಸಿತು. ವೈನಿಯ ಕುಬಸದ, ಅಂದರೆ ಸೀಮಂತದ, ದಿನ ಹತ್ತಿರ ಬಂದಿತ್ತು, ಅಂದು ಹೇಗೂ ಹೋಳಿಗೆ ಮಾಡುವುದಿತ್ತು.

ಹಿತ್ತಲ ಗೋಡೆಯಾಚೆಯಿಂದ ನೋಡಿದ ಚಾಚಿ ಬೈದಳು. "ರೊಟ್ಟಿ ಚೂರು ಇಟ್ಟು ಬಾಯಿ ಹೊಲದಬಿಡ ಬೇ. ಬಾಯಿ ತೆರದಿದ್ದು ಇನ್ನೂ ಯಾರದೂ ಅಲ್ಲ."

ನಾನು ನಕ್ಕುಬಿಟ್ಟೆ.

ಕುಬಸಕ್ಕೆ ವೈನಿಯ ತವರಿನವರು ಬಂದರು. ನಸುಕಿನಿಂದ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸಿದವಳು ನಾನು. ಎಲ್ಲರಿಗೂ ಬಡಿಸಿ, ಒಂದು ತುಂಡು ಸೆರಗಿನಲ್ಲಿಟ್ಟುಕೊಂಡು ಪಡಸಾಲೆಗೆ ಬಂದರೆ ವೈನಿ ನನ್ನ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೊನೆಯ ಮೂಲೆಯನ್ನು ನಾಲ್ಕು ಉದ್ದುದ್ದ ಹೊಲಿಗೆ ಹಾಕಿ ಮುಚ್ಚಿಯಾಗಿತ್ತು. ಒಳಗೆ ಹೋಳಿಗೆಯ ತುಪ್ಪ ಇಳಿದು ಬಟ್ಟೆಗೆ ಕಲೆ ಬಿದ್ದಿತ್ತು.

"ನನ್ನವೆಲ್ಲಾ ನಾಯ್ಲಾನ್ ಸೀರಿ," ಅಂದಳು. "ಬಾಣಂತಿ ಮೈಗೆ ಮೆತ್ತನ್ನ ಅರಿವಿ ಬೇಕಲ್ಲ. ಇದನ್ನ ನಾ ಒಯ್ತೀನಿ."

ಸುಳ್ಳೇನಲ್ಲ. ನಾಯ್ಲಾನ್ ಮೇಲೆ ಹೊಲಿಗೆ ನಿಲ್ಲುವುದಿಲ್ಲ, ಬೆಚ್ಚಗೂ ಆಗುವುದಿಲ್ಲ. ನಾನು ಅಣ್ಣನ ಮುಖ ನೋಡಿದೆ. ಅವನು ಎಲೆ ಅಡಿಕೆ ಮಡಚುತ್ತಿದ್ದ.

"ಅವ್ವನ ಸೀರಿ ಅವ್ವನ ಮೊಮ್ಮಗನ ಮೈಮ್ಯಾಲೆ ಬೀಳ್ತಾವು. ಅದಕ್ಕಿಂತ ಚಲೋ ಏನೈತಿ? ನೀ ಇನ್ನೊಂದು ಹೊಲ್ಕೋ."

"ಯಾವ ಅರಿವಿಲೆ ಹೊಲಿಲಿ?" ಅಂದೆ. "ಅವ್ವ ಇನ್ನೊಬ್ಬಾಕಿ ಇದ್ಲೇನು?"

ಬೀಗರ ಮುಂದೆ ನಾನು ಮಾತಾಡಿದ್ದೇ ತಪ್ಪಾಯಿತು. ಅಣ್ಣ ಕಣ್ಣು ಕೆಕ್ಕರಿಸಿದ, ಹಿರಿಯರು ತಲೆ ತಗ್ಗಿಸಿದರು. ಸಂಜೆಯ ಗಾಡಿಗೆ ವೈನಿಯನ್ನು ಬಾಣಂತನಕ್ಕೆ ಕರೆದುಕೊಂಡು ಅವರೆಲ್ಲ ಹೊರಟಾಗ ವೈನಿಯ ತಮ್ಮನ ಹೆಗಲ ಮೇಲೆ ಅವ್ವ ಹೋದಳು. ಉಂಡೂ ಹೋದರು, ಕೊಂಡೂ ಹೋದರು ಅನ್ನುವುದನ್ನು ಬರೀ ಗಾದೆ ಅಂದುಕೊಂಡಿದ್ದೆ. ನನ್ನ ಸೆರಗಿನಲ್ಲಿದ್ದ ಹೋಳಿಗೆಯ ತುಂಡನ್ನು ಹಿತ್ತಲಲ್ಲಿ ಕೋಳಿಗೆ ಹಾಕಿದೆ.

ಹುಟ್ಟಿದ್ದು ಗಂಡೇ. ಐದು ತಿಂಗಳಿಗೆ ವೈನಿ ಕೂಸನ್ನೆತ್ತಿಕೊಂಡು ಮರಳಿ ಬಂದಳು, ಕೌದಿ ಬರಲಿಲ್ಲ. ಬಾಣಂತನದ ಹೊದಿಕೆ ತಿರುಗಿ ತರಬಾರದೆಂದು ಅವಳ ತಾಯಿ ಅಂದಳಂತೆ. ಅಷ್ಟು ದಿನದಲ್ಲಿ ನಾನು ಬೀಗರ ಕೌದಿ, ಕೂಸಿನ ಕೌದಿ, ಚಾಚಿಯ ಕೌದಿ ಮೂರನ್ನೂ ಮುಗಿಸಿದ್ದೆ. ಒಂದೊಂದಕ್ಕೂ ಒಣ ರೊಟ್ಟಿಯ ಚೂರು. ಚಾಚಿ ತನ್ನದನ್ನು ತೆಗೆದುಕೊಳ್ಳುವಾಗ ನನಗೆ ಹೇಳಿದ್ದನ್ನು ಮತ್ತೆ ಹೇಳಲಿಲ್ಲ, ಅಷ್ಟು ಅವಳ ದೊಡ್ಡತನ.

ಮುಂದಿನ ವರ್ಷ ಅಣ್ಣಿಗೇರಿಗೆ ನನ್ನನ್ನು ಕೊಟ್ಟರು. ಅಣ್ಣ ನವಲಗುಂದಕ್ಕೆ ತಾನೇ ಹೋಗಿ, ನವಿಲಿನ ಚಿತ್ರವಿದ್ದ ಹೊಸ ಜಮಖಾನೆ ತಂದ. ಹಂದರದಲ್ಲಿ ಅದನ್ನು ಬಿಚ್ಚಿ ಬಿಚ್ಚಿ ಎಲ್ಲರಿಗೂ ತೋರಿಸಿದ. ತಂಗಿಗೆ ಏನೂ ಕಡಿಮೆ ಮಾಡಲಿಲ್ಲ ಎಂದು ಮಂದಿ ಹೊಗಳಿದರು. ಅವನೂ ಅದನ್ನು ನಂಬಿದ್ದ, ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಗಂಡನ ಮನೆಯಲ್ಲಿ ಅತ್ತೆ ನನ್ನ ಟ್ರಂಕು ಬಿಚ್ಚಿಸಿ ಒಂದೊಂದೇ ತೆಗೆದು ನೋಡಿದಳು. ಜಮಖಾನೆಯ ಅಂಚು ಹಿಡಿದು ತಿಕ್ಕಿ ಚಲೋ ಐತಿ ಅಂದಳು. ಆಮೇಲೆ ಟ್ರಂಕಿನ ತಳಕ್ಕೆ ಕೈ ಹಾಕಿ ತಡಕಾಡಿದಳು.

"ನಿಮ್ಮವ್ವನ ಕೌದಿ ಎಲ್ಲೈತಿ?"

"ನಮ್ಮವ್ವ ಇಲ್ರಿ," ಅಂದೆ.

ಅತ್ತೆ ಟ್ರಂಕಿನ ಮುಚ್ಚಳ ಹಾಕಿದಳು. ಅದು ಮಾಗಿಯ ಚಳಿಗಾಲ. ಜಮಖಾನೆ ಹಾಸಿಕೊಳ್ಳಲು ಬರುತ್ತದೆ, ಹೊದ್ದುಕೊಳ್ಳಲು ಬರುವುದಿಲ್ಲ.